81 ನಿಮಿಷ ಉರಿದ ಬೆಂಕಿಯುಂಡೆ

ದೇವರ ಮುಂದಿನ ದೀಪವನ್ನು ಒಮ್ಮೆ ಹತ್ತಿರದಿಂದ ನೋಡಿ. ಪಕ್ಕದಲ್ಲಿ ಬೆರಳು ಹಿಡಿದರೆ ಬರೀ ಬೆಚ್ಚಗಿರುತ್ತದೆ. ಮೇಲೆ ಹಿಡಿದರೆ ಚುರ್ ಅನ್ನುತ್ತದೆ, ಅಲ್ವಾ? ಬಿಸಿ ಗಾಳಿ ಹಗುರವಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕೆಳಗಿನಿಂದ ತಣ್ಣನೆ ಗಾಳಿ ನುಗ್ಗುತ್ತದೆ. ದೀಪದ ಕುಡಿ ಚೂಪಾಗುವುದೇ ಇದರಿಂದ. ಭೂಮಿಯ ಸೆಳೆತ ಇಲ್ಲದಿದ್ದರೆ ಬೆಂಕಿಗೆ ಬೇರೆಯದೇ ಆಕಾರ ಬರುತ್ತದೆ.

ಅದನ್ನು ಕಣ್ಣಾರೆ ಕಂಡವರು ಪಾಲ್ ರೊನ್ನಿ. ಮುಂದೆ ಇವರು ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರಾದರು. 1984ರಲ್ಲಿ ಅವರು ಕ್ಲೀವ್‌ಲ್ಯಾಂಡ್‌ನ ನಾಸಾ ಗೋಪುರದಿಂದ ಒಂದು ಪೆಟ್ಟಿಗೆ ಬೀಳಿಸುತ್ತಿದ್ದರು. ಬೀಳುವ 2.2 ಸೆಕೆಂಡು ಅದರೊಳಗೆ ಯಾವುದಕ್ಕೂ ತೂಕವಿರುವುದಿಲ್ಲ. ಒಳಗೆ ತೀರಾ ಕಡಿಮೆ ಹೈಡ್ರೋಜನ್ ಬೆರೆತ ಗಾಳಿ, ಅದಕ್ಕೊಂದು ಕಿಡಿ. ಉರಿ ಎಲ್ಲ ಕಡೆ ಹಬ್ಬಲಿಲ್ಲ. ಪುಟ್ಟ ಉಂಡೆಗಳಾಗಿ ಒಡೆಯಿತು!

ಇಂಥ ಉಂಡೆ ಇರಬಹುದೆಂದು ರಷ್ಯಾದ ವಿಜ್ಞಾನಿ ಯಾಕೋವ್ ಝೆಲ್ಡೊವಿಚ್ 1944ರಲ್ಲೇ ಲೆಕ್ಕ ಹಾಕಿದ್ದರು, ಆದರೆ ಅದು ಸ್ಥಿರವಾಗಿ ಉಳಿಯದು ಅಂದಿದ್ದರು. ಆದರೂ ಅದನ್ನು ಸ್ಥಿರವಾಗಿ ಉಳಿಸುವುದು ಅದು ಹೊರಸೂಸುವ ಶಾಖ. ಉಂಡೆ ಸ್ವಲ್ಪ ದೊಡ್ಡದಾದರೆ ಶಾಖ ಜಾಸ್ತಿ ಸೋರಿ ಮತ್ತೆ ಕುಗ್ಗುತ್ತದೆ. ಹೈಡ್ರೋಜನ್ ತಾನಾಗಿ ಒಳಕ್ಕೆ ಹರಿದು ಬರುತ್ತದೆ, ಉಂಡೆ ಇದ್ದಲ್ಲೇ ಉರಿಯುತ್ತದೆ. ನನಗಂತೂ ಇದಕ್ಕಿಂತ ಸರಳವಾದ, ಚೆಂದದ ಬೆಂಕಿ ಗೊತ್ತಿಲ್ಲ.

ಆದರೆ 2.2 ಸೆಕೆಂಡಿನಲ್ಲಿ ಅದು ನಿಜಕ್ಕೂ ಸ್ಥಿರವಾಗಿದೆಯೋ, ಆರುತ್ತಿದೆಯೋ ಹೇಗೆ ಹೇಳುವುದು? ಅಂತರಿಕ್ಷಕ್ಕೇ ಹೋಗಬೇಕಿತ್ತು. ರೊನ್ನಿ ಗಗನಯಾನಕ್ಕೆ ಬದಲಿ ತಜ್ಞರಾಗಿ ತರಬೇತಿಯನ್ನೂ ಪಡೆದರು. 1997ರ ಏಪ್ರಿಲ್‌ನಲ್ಲಿ ಕೊಲಂಬಿಯಾ ನೌಕೆ ಹೊರಟಿತು. ಅವರು ನೆಲದಲ್ಲೇ ಉಳಿದರು, ಅವರ ಪ್ರಯೋಗ ಮೇಲೆ ಹೋಯಿತು. ವಿದ್ಯುತ್ ಕೊಡುವ ಫ್ಯೂಯೆಲ್ ಸೆಲ್ ಕೈಕೊಟ್ಟು, ನೌಕೆ ನಾಲ್ಕೇ ದಿನಕ್ಕೆ ವಾಪಸ್. ಜುಲೈನಲ್ಲಿ ಅದೇ ತಂಡ, ಅದೇ ಸಾಮಾನುಗಳೊಂದಿಗೆ ಮತ್ತೆ ಹಾರಿತು. ಉಂಡೆಗಳು 500 ಸೆಕೆಂಡು ಉರಿದವು. ಪ್ರಯೋಗದ ಸಮಯ ಮುಗಿಯಿತೇ ಹೊರತು ಅವು ಆರಲಿಲ್ಲ. ಒಂದೊಂದರ ಶಕ್ತಿ ಒಂದೆರಡು ವ್ಯಾಟ್ ಅಷ್ಟೇ. ಹುಟ್ಟುಹಬ್ಬದ ಮೇಣದಬತ್ತಿಯದೇ 50 ವ್ಯಾಟ್‌ನಷ್ಟಿರುತ್ತದೆ. ಕಡಿಮೆ ಇಂಧನದಲ್ಲಿ ಓಡುವ ಎಂಜಿನ್ ಮಾಡುವವರಿಗೆ, ಹೈಡ್ರೋಜನ್ ಸೋರಿಕೆಗೆ ಹೆದರುವವರಿಗೆ ಈ ದುರ್ಬಲ ಉರಿಯ ಲೆಕ್ಕ ಬೇಕೇ ಬೇಕು.

2003ರ ಜನವರಿಯಲ್ಲಿ ಪ್ರಯೋಗ ಕೊಲಂಬಿಯಾದಲ್ಲೇ ಮತ್ತೊಮ್ಮೆ ಹೋಯಿತು. ಆ ತಂಡದಲ್ಲಿ ಕಲ್ಪನಾ ಚಾವ್ಲಾ ಇದ್ದರು. ನೌಕೆಯ ಪುಟ್ಟ ರಾಕೆಟ್‌ಗಳು ಚೂರು ತಳ್ಳಿದರೂ ಉಂಡೆ ಅಲುಗಾಡುತ್ತದೆ. ಅದಕ್ಕೇ ಅವನ್ನೆಲ್ಲ ಆರಿಸಿ, ನೌಕೆಯನ್ನು ಸುಮ್ಮನೆ ತೇಲಲು ಬಿಡುತ್ತಿದ್ದರು. ಒಂದು ಉಂಡೆ 81 ನಿಮಿಷ ಉರಿಯಿತು.

ಫೆಬ್ರವರಿ 1ರಂದು ಮರಳುವ ದಾರಿಯಲ್ಲಿ ಕೊಲಂಬಿಯಾ ಒಡೆದುಹೋಯಿತು. ಏಳೂ ಜನ ತೀರಿಕೊಂಡರು. ಆ 81 ನಿಮಿಷದ ಮಾಹಿತಿಯನ್ನು ಮಾತ್ರ ಅವರು ಮೇಲಿಂದಲೇ ನೆಲಕ್ಕೆ ಕಳಿಸಿಯಾಗಿತ್ತು.