ನಿಂತ ಕಟ್ಟಡದ ಒಳಗಿನ ಬಿರುಕು

1994ರ ಜನವರಿ 17ರ ನಸುಕಿನಲ್ಲಿ ಲಾಸ್ ಏಂಜಲೀಸ್‌ನ ನಾರ್ತ್‌ರಿಡ್ಜ್ ಪ್ರದೇಶದಲ್ಲಿ 6.7 ಪ್ರಮಾಣದ ಭೂಕಂಪವಾಯಿತು. ಹೆದ್ದಾರಿ ಸೇತುವೆಗಳು ಕುಸಿದವು, ಮರದ ಅಪಾರ್ಟ್‌ಮೆಂಟ್‌ಗಳು ನೆಲಕಚ್ಚಿದವು. ಉಕ್ಕಿನ ಚೌಕಟ್ಟಿನ ಬಹುಮಹಡಿ ಕಟ್ಟಡ ಒಂದೂ ಬೀಳಲಿಲ್ಲ. ಎಂಜಿನಿಯರುಗಳು ನಿರೀಕ್ಷಿಸಿದ್ದೂ ಅದನ್ನೇ. ಉಕ್ಕು ಬಾಗೀತೇ ಹೊರತು ತಟ್ಟನೆ ಮುರಿಯದು ಎಂದು ಅವರು ನಂಬಿದ್ದರು.

ನಂಬಿಕೆ ಅಲುಗಿದ್ದು ಆಮೇಲೆ. ಫಾಲ್ಸ್ ಸೀಲಿಂಗ್ ಬಿಚ್ಚಿ, ಬೆಂಕಿ ತಡೆಯಲು ಬಳಿದಿದ್ದ ಲೇಪನ ಕೆರೆದು ನೋಡಿದರೆ, ತೊಲೆ ಮತ್ತು ಕಂಬ ಕೂಡುವಲ್ಲಿ ಬೆಸುಗೆಗಳು ಸೀಳಿದ್ದವು. ಕೆಲವೆಡೆ ಬಿರುಕು ಕಂಬದೊಳಕ್ಕೂ ನುಗ್ಗಿತ್ತು. ಒಂದು ಮಹಡಿಯದರಿಂದ 26 ಮಹಡಿಯದರವರೆಗೆ, ಹಳೆಯವು ಹೊಸವು ಎನ್ನದೆ ನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಇದೇ ಕಥೆ. ಹಲವು ಕಟ್ಟಡಗಳ ಗೋಡೆ, ಗಾಜುಗಳಿಗೆ ಹೇಳಿಕೊಳ್ಳುವಂಥ ಪೆಟ್ಟೇ ಬಿದ್ದಿರಲಿಲ್ಲ. ಸರಿಯಾಗಿ ಒಂದು ವರ್ಷದ ನಂತರ, ಅದೇ ಜನವರಿ 17ರಂದು, ಜಪಾನಿನ ಕೋಬೆಯ ಭೂಕಂಪದಲ್ಲೂ ಉಕ್ಕಿನ ಜೋಡಣೆಗಳು ಮುರಿದವು. ಅಲ್ಲಿ ಕೆಲವು ಕಟ್ಟಡಗಳು ಉರುಳಿಯೂ ಹೋದವು.

ಹೆಚ್ಚಿನ ಬಿರುಕುಗಳು ಹುಟ್ಟಿದ್ದು 'I' ಆಕಾರದ ತೊಲೆಯ ಕೆಳಪಟ್ಟಿಯ, ಅಂದರೆ ಕೆಳಗಿನ ಅಡ್ಡಭಾಗದ, ಬೆಸುಗೆಯಲ್ಲಿ. ನಡುವೆ ತೊಲೆಯ ನಿಲುಹಲಗೆ, ಅಂದರೆ 'I'ನ ನೆಟ್ಟಗಿನ ಭಾಗ, ಅಡ್ಡ ನಿಲ್ಲುವುದರಿಂದ ಬೆಸುಗೆಗಾರ ಒಂದೇ ಎಳೆತದಲ್ಲಿ ಆಚೆಯಿಂದ ಈಚೆಗೆ ಬರಲಾರ; ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಶುರುಮಾಡಬೇಕು. ದೋಷ ಉಳಿಯುವುದು ಅಲ್ಲೇ. ಬೆಸುಗೆಗೆ ಆಧಾರವಾಗಿ ಇಟ್ಟ ಉಕ್ಕಿನ ಪಟ್ಟಿಯನ್ನು ಅಲ್ಲೇ ಬಿಟ್ಟಿದ್ದರಿಂದ ಅದರ ಹಿಂದೆ ಕೂದಲೆಳೆಯಂಥ ಸಂದಿಯೂ ಉಳಿಯುತ್ತಿತ್ತು. ಪ್ಲಾಸ್ಟಿಕ್ ಪೊಟ್ಟಣದ ಅಂಚಿಗೆ ಸಣ್ಣ ಕಚ್ಚು ಹಾಕಿದರೆ ಅದು ಸಲೀಸಾಗಿ ಹರಿಯುತ್ತದಲ್ಲ, ಹಾಗೆ. ಸಾಲದ್ದಕ್ಕೆ ಆಗ ಬಳಸುತ್ತಿದ್ದ ಬೆಸುಗೆ ಲೋಹಕ್ಕೆ ಬಿರುಕನ್ನು ತಡೆದು ನಿಲ್ಲಿಸುವ ಗುಣ ಕಡಿಮೆ.

ಹಾಗಾದರೆ ಕಂಪನದ ನಂತರ ಪರೀಕ್ಷೆ ಹೇಗೆ? ದೊಡ್ಡ ಕಟ್ಟಡದಲ್ಲಿ ಇಂಥ ಜೋಡಣೆಗಳು ನೂರಾರು, ಒಂದೊಂದನ್ನು ತೆರೆಯುವುದೂ ದುಬಾರಿ. ಆದ್ದರಿಂದ ಮೊದಲು ಆಯ್ದ ಕೆಲವನ್ನು ತೆರೆಯುತ್ತಾರೆ, ಹಾನಿ ಕಂಡರೆ ಸುತ್ತಮುತ್ತಲಿನವಕ್ಕೆ ಹೋಗುತ್ತಾರೆ. ಕಟ್ಟಡದಲ್ಲಿ ಕಂಪನಮಾಪಕಗಳಿದ್ದರೆ ಯಾವ ಮಹಡಿ ಹೆಚ್ಚು ಓಲಾಡಿತೆಂದು ಲೆಕ್ಕಹಾಕಿ ಅಲ್ಲಿಂದ ಶುರುಮಾಡಬಹುದು. ಆದರೆ ಬರೀ ಮಾಪಕಗಳನ್ನು ನೆಚ್ಚಿಕೊಳ್ಳುವುದು ನನಗೆ ಸರಿಕಾಣದು: ನಾಲ್ಕಾರು ಜೋಡಣೆಗಳು ಮುರಿದರೂ ಇಡೀ ಕಟ್ಟಡದ ಓಲಾಟದ ಅವಧಿ, ಅಂದರೆ ಒಮ್ಮೆ ಅತ್ತಿತ್ತ ಓಲಾಡಲು ಹಿಡಿಯುವ ಸಮಯ, ಹೆಚ್ಚೇನೂ ಬದಲಾಗುವುದಿಲ್ಲ.

ಕಣ್ಣಿಗೆ ಕಾಣದ ದೋಷಕ್ಕೆ ಶ್ರವಣಾತೀತ ಧ್ವನಿಯ (ಅಲ್ಟ್ರಾಸೌಂಡ್) ಪರೀಕ್ಷೆಯಿದೆ. ಅದೂ ಒಮ್ಮೆ ದಾರಿ ತಪ್ಪಿಸಿತು. ನಾರ್ತ್‌ರಿಡ್ಜ್ ನಂತರ ಬೆಸುಗೆಯ ಬುಡದಲ್ಲಿ ಅದು ತೋರಿಸಿದ ಎಷ್ಟೋ 'ಹಾನಿಗಳು' ಭೂಕಂಪದವೇ ಅಲ್ಲ, ಕಟ್ಟುವಾಗಲೇ ಉಳಿದಿದ್ದ ದೋಷಗಳು ಎಂದು ಮುಂದಿನ ಅಧ್ಯಯನಗಳು ಹೇಳಿದವು. ಕಟ್ಟಿದ ದಿನದಿಂದಲೂ ಇದ್ದದ್ದನ್ನು ಭೂಕಂಪದ ಲೆಕ್ಕಕ್ಕೆ ಬರೆದಿದ್ದರು! 2000ರಲ್ಲಿ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಹೊರತಂದ ಮಾರ್ಗಸೂಚಿಗಳು ಈ ಪಾಠಗಳನ್ನೂ ಒಳಗೊಂಡಿವೆ.

ಬಿರುಕನ್ನು ಕೊರೆದು ತೆಗೆದು ಮತ್ತೆ ಬೆಸೆಯಬಹುದು. ಶಾಶ್ವತವಾಗಿ ವಾಲಿದ ಕಟ್ಟಡದ್ದು ಬೇರೆಯೇ ಸಮಸ್ಯೆ. ಆ ವಾಲುವಿಕೆ ಮಹಡಿಯ ಎತ್ತರದ ಶೇ 0.5 ದಾಟಿದರೆ ರಿಪೇರಿಗಿಂತ ಕೆಡವಿ ಕಟ್ಟುವುದೇ ಅಗ್ಗವಾಗಬಹುದು ಎಂಬ ಅಂದಾಜು ಜಪಾನಿನ ಅನುಭವದಿಂದ ಬಂದಿದೆ. 4 ಮೀಟರ್ ಎತ್ತರದ ಮಹಡಿಗೆ ಅದು ಕೇವಲ 20 ಮಿಲಿಮೀಟರ್.