ಕೊಟ್ಟೆಯಿಂದ ಮೈಲುತುತ್ತದವರೆಗೆ: ಅಡಿಕೆಗೆ ಅಂಟಿದ ಕೊಳೆಯ ಕಥೆ

ಆಷಾಢದ ಮಳೆಯಲ್ಲಿ ತೋಟದ ತುಂಬ ಹಸಿರು ಅಡಿಕೆ ಉದುರಿದ್ದು ಕಂಡರೆ ಮಲೆನಾಡಿನವರ ಎದೆ ಧಸಕ್ಕೆನ್ನುತ್ತದೆ. ಒಂದು ಕಾಯಿ ಹೆಕ್ಕಿ ನೋಡಿ. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಪ್ಪುಹಸಿರು ಕಲೆ. ಆಮೇಲೆ ಅದರ ಮೇಲೆ ಬಿಳಿ ಬೂಸ್ಟು. ಇದೇ ಕೊಳೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ಬದುಕುವುದು ಮಳೆಯಿಂದಲೇ, ಕೊಳೆಯುವುದೂ ಮಳೆಯಿಂದಲೇ. ಹಿಂದೆ ಇದಕ್ಕಿದ್ದ ದೊಡ್ಡ ಉಪಾಯ ಕೊಟ್ಟೆ ಕಟ್ಟುವುದು. ಮರ ಹತ್ತುವ ಕೊನೆಗಾರ ಒಂದೊಂದು ಕೊನೆಗೂ, ಅಂದರೆ ಕಾಯಿಗೊಂಚಲಿಗೂ, ಅಡಿಕೆ ಹಾಳೆಯ ಹೊದಿಕೆಯಾದ ಕೊಟ್ಟೆ ಹೊದಿಸಿ ಬರುತ್ತಿದ್ದ. ಕಾಯಿ ನೆನೆಯದಿದ್ದರೆ ಕೊಳೆಯೂ ಇಲ್ಲ. ರೋಗಾಣು ಕಂಡವರು ಯಾರೂ ಇರಲಿಲ್ಲ, ಆದರೂ ಹಿರಿಯರ ಲೆಕ್ಕ ಸರಿಯಾಗಿಯೇ ಇತ್ತು.

ಕಾರಣ ಗೊತ್ತಾಗಿದ್ದು ಆಮೇಲೆ. ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಇದು ಫೈಟಾಫ್ತೊರ ಎಂಬ ಸೂಕ್ಷ್ಮ ಜೀವಿಯ ಕೆಲಸ ಎಂದು 1910ರಲ್ಲಿ ಬರೆದರು. ಅದರ ಬೀಜಕಣ ನೀರಿನಲ್ಲಿ ಈಜುತ್ತದೆ, ಮಳೆಹನಿಯ ಜೊತೆ ಸಿಡಿದು ಪಕ್ಕದ ಕೊನೆಗೂ ಹೋಗುತ್ತದೆ. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣ ಎಂಬ ಔಷಧಿ ಹೀಗೆ ನಮ್ಮ ಅಡಿಕೆ ಮರ ಹತ್ತಿತು. ಮಲೆನಾಡು ಕೋಲ್ಮನ್ನರನ್ನು ಇನ್ನೂ ಜಾಸ್ತಿ ನೆನೆಯಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ದ್ರಾವಣದ ಲೆಕ್ಕ ಸುಲಭ: 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಆಕಾಶದ ನೀಲಿ ಬರುತ್ತದೆ. ಆಗ ಹೊಳೆಯುವ ಕತ್ತಿಯೊಂದನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು.

ಕಷ್ಟ ಇರುವುದು ಆ ಎರಡನೇ ಸಲದಲ್ಲೇ. ಮಳೆ ಹೊಳವಾಗಬೇಕು, ಅದೇ ದಿನ ಕೊನೆಗಾರನೂ ಸಿಗಬೇಕು. ಜಾರುವ ಮರ ಹತ್ತುವ ಕೆಲಸಕ್ಕೆ ಹೊಸ ಹುಡುಗರು ಬರುವುದು ಕಡಿಮೆಯಾಗಿದೆ, ಅವರನ್ನು ದೂರುವಂತೆಯೂ ಇಲ್ಲ. ಈಗ ನೆಲದಲ್ಲೇ ನಿಂತು ದೋಟಿಯಿಂದ, ಅಂದರೆ ಉದ್ದದ ಕಾರ್ಬನ್ ಫೈಬರ್ ಕೋಲಿನಿಂದ, ಹೊಡೆಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ಅದು ಗರಿಯನ್ನೇ ಒಣಗಿಸುವುದರಿಂದ ಕಾಯಿಯ ಕೊನೆಗೆ ಮಾತ್ರ ಔಷಧಿ ಹೊಡೆದರೆ ಆಗುವುದಿಲ್ಲ, ದೋಟಿ ಮರದ ತಲೆಯವರೆಗೂ ಮುಟ್ಟಬೇಕು.