ಸಿಯೆರಾ ಲಿಯೋನ್: ಪುಕ್ಕಟೆ ಆಸ್ಪತ್ರೆಯ ಹಿಂದಿನ ಲೆಕ್ಕ

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಅಂದರೆ ನಮ್ಮಲ್ಲಿ ಕೆಲವರಿಗೆ ನೆನಪಾಗುವುದು 2000ನೇ ಇಸವಿಯ ಆಪರೇಷನ್ ಖುಕ್ರಿ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದ ಇನ್ನೂರಕ್ಕೂ ಹೆಚ್ಚು ಭಾರತೀಯ ಯೋಧರನ್ನು ಬಂಡುಕೋರರು ಕೈಲಾಹುನ್ ಊರಲ್ಲಿ ಎರಡು ತಿಂಗಳಿಗೂ ಮೀರಿ ಸುತ್ತುವರಿದಿದ್ದರು; ಅವರನ್ನು ಬಿಡಿಸಿದ ಕಾರ್ಯಾಚರಣೆ ಅದು. 1991ರಲ್ಲಿ ಅಂತರ್ಯುದ್ಧ ಶುರುವಾಗಿದ್ದು ಅದೇ ಕೈಲಾಹುನ್ ಜಿಲ್ಲೆಯಲ್ಲಿ. 2014ರಲ್ಲಿ ದೇಶದ ಮೊದಲ ಎಬೋಲಾ ರೋಗಿಗಳು ಸಿಕ್ಕಿದ್ದೂ ಅಲ್ಲೇ.

ಆ ಯುದ್ಧಕ್ಕೂ ಈ ಎಬೋಲಾಕ್ಕೂ ನಡುವೆ, 2010ರಲ್ಲಿ, ಆ ಬಡ ದೇಶ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿತು. ಗರ್ಭಿಣಿಯರು, ಬಾಣಂತಿಯರು ಮತ್ತು ಐದು ವರ್ಷದೊಳಗಿನ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲವೂ ಉಚಿತ ಎಂದಿತು. ಅದು ಗೆದ್ದಿತೋ ಸೋತಿತೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ತಮಾಷೆ ಅಂದರೆ, ಎರಡೂ ಕಡೆಯವರು ತೋರಿಸುವುದು ಹೆಚ್ಚುಕಡಿಮೆ ಅದೇ ಅಂಕಿಗಳನ್ನು.

ಕಥೆ ಯುದ್ಧಕ್ಕಿಂತ ಹಿಂದಿನದು. 1987ರಲ್ಲಿ ಆಫ್ರಿಕಾದ ಆರೋಗ್ಯ ಸಚಿವರು ಮಾಲಿ ದೇಶದ ರಾಜಧಾನಿ ಬಮಾಕೋದಲ್ಲಿ ಸೇರಿ ಒಂದು ದಾರಿ ಒಪ್ಪಿಕೊಂಡರು. ಜನ ಔಷಧಿಗೆ ಒಂದಿಷ್ಟು ದುಡ್ಡು ಕೊಡಲಿ, ಆ ದುಡ್ಡಿನಿಂದ ಮತ್ತೆ ಔಷಧಿ ತರೋಣ ಎಂದು. ಕಾಗದದ ಮೇಲೆ ಸರಿಯಾಗಿಯೇ ಇತ್ತು. ಸಿಯೆರಾ ಲಿಯೋನ್‌ನ ಮೊದಲ ಮೆಡಿಕಲ್ ಕಾಲೇಜು ಶುರುವಾಗಿದ್ದು 1988ರಲ್ಲಿ. ಮೂರೇ ವರ್ಷಕ್ಕೆ ಯುದ್ಧ ಬಂತು. ಹನ್ನೊಂದು ವರ್ಷ ನಡೆಯಿತು. ಹಳ್ಳಿಯ ಆರೋಗ್ಯ ಕೇಂದ್ರಗಳು ಸುಟ್ಟುಹೋದವು, ಓದಿದವರು ಜೀವ ಉಳಿಸಿಕೊಂಡು ಹೊರಟರು.

2002ರ ಜನವರಿಯಲ್ಲಿ ಯುದ್ಧ ಮುಗಿಯಿತೆಂದು ಘೋಷಿಸಿದಾಗ ಕಟ್ಟಡ ಕಟ್ಟಲು ದುಡ್ಡು ಕೊಡುವವರು ಸಿಕ್ಕರು. ಗೋಡೆಗೆ ಬಣ್ಣ ಬಳಿದರೆ ಫೋಟೋ ಚೆನ್ನಾಗಿ ಬರುತ್ತದೆ, ಅಲ್ವಾ? ಸಂಬಳಕ್ಕೆ ದುಡ್ಡು ಕೊಡುವವರು ಕಡಿಮೆ. ಬಡ ಗರ್ಭಿಣಿಯರಿಗೂ ಮಕ್ಕಳಿಗೂ ಶುಲ್ಕ ಮಾಫಿ ಎಂದು ಆಗಲೇ ಆದೇಶವಿತ್ತು. ಆದರೆ ನರ್ಸಿನ ಸಂಬಳ ಮನೆ ನಡೆಸುವಷ್ಟು ಇರಲಿಲ್ಲ. ಎಷ್ಟೋ ಮಂದಿಗೆ ಸಂಬಳವೇ ಇರಲಿಲ್ಲ. ಸರ್ಕಾರದ ಪಟ್ಟಿಗೆ ಇಂದಲ್ಲ ನಾಳೆ ಹೆಸರು ಸೇರಬಹುದೆಂದು ‘ಸ್ವಯಂಸೇವಕಿ’ ಎಂಬ ಹೆಸರಲ್ಲಿ ದುಡಿಯುತ್ತಿದ್ದರು. ಹಾಗಾಗಿ ಹೆರಿಗೆಗೆ ಬಂದವರು ಗ್ಲೌಸಿಗೂ ಗ್ಲೂಕೋಸಿಗೂ ತಾವೇ ಕೊಡಬೇಕಿತ್ತು. ಕೈಯಲ್ಲಿ ಕಾಸಿಲ್ಲದವರು ಮನೆಯಲ್ಲೇ ಹೆತ್ತರು. 2005ರ ವಿಶ್ವಸಂಸ್ಥೆಯ ಅಂದಾಜಿನಂತೆ, ಒಂದು ಲಕ್ಷ ಹೆರಿಗೆಗೆ 2,100 ತಾಯಂದಿರು ಸಾಯುತ್ತಿದ್ದರು.

ಈ ಕಥೆಯಲ್ಲಿ ಎಲ್ಲಕ್ಕಿಂತ ಕುತೂಹಲದ ಭಾಗ 2009ರ ಕೊನೆಯಿಂದ 2010ರ ಏಪ್ರಿಲ್‌ವರೆಗಿನ ಕೆಲವೇ ತಿಂಗಳು. ಅಧ್ಯಕ್ಷ ಅರ್ನೆಸ್ಟ್ ಬಾಯ್ ಕೊರೋಮಾ ಸ್ವಾತಂತ್ರ್ಯ ದಿನವಾದ ಏಪ್ರಿಲ್ 27ರಿಂದಲೇ ಉಚಿತ ಚಿಕಿತ್ಸೆ ಎಂದು ಗಡುವು ಹಾಕಿದರು. ತಯಾರಿಗೆ ಅರ್ಧ ವರ್ಷವೂ ಇರಲಿಲ್ಲ. ಮಾರ್ಚ್‌ನಲ್ಲಿ ಡಾಕ್ಟರುಗಳೂ ನರ್ಸುಗಳೂ ಮುಷ್ಕರ ಹೂಡಿದರು. ಅವರ ಮಾತು ಸರಳ: ರೋಗಿಗಳ ಸಂಖ್ಯೆ ಹೆಚ್ಚುತ್ತದೆ, ರೋಗಿಯಿಂದ ಬರುತ್ತಿದ್ದ ಕಾಸು ನಿಲ್ಲುತ್ತದೆ, ನಾವೇನು ತಿನ್ನುವುದು? ಇದನ್ನು ದುರಾಸೆ ಅಂದವರಿದ್ದರು. ಲೆಕ್ಕ ಹಾಕಿ ನೋಡಿದರೆ ಮುಷ್ಕರ ಹೂಡಿದವರು ಹೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಕೊನೆಗೆ ಸಂಬಳ ಹಲವು ಪಟ್ಟು ಏರಿತು. ಹೆಚ್ಚುವರಿ ಹಣದ ದೊಡ್ಡ ಪಾಲು ಬ್ರಿಟನ್ ಮತ್ತು ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧದ ಅಂತಾರಾಷ್ಟ್ರೀಯ ನಿಧಿಯಾದ ಗ್ಲೋಬಲ್ ಫಂಡ್‌ನಿಂದ ಬಂತು.

ಸಂಬಳ ಏರಿಸುವ ಮೊದಲು ಪಟ್ಟಿ ಶುದ್ಧ ಮಾಡಬೇಕಿತ್ತಲ್ಲ. ನೋಡಿದರೆ ಕೆಲಸದಲ್ಲೇ ಇಲ್ಲದ ನೂರಾರು ಹೆಸರುಗಳು ತಿಂಗಳು ತಿಂಗಳು ಸಂಬಳ ಎಣಿಸುತ್ತಿದ್ದವು. ಅವನ್ನು ಹೊಡೆದುಹಾಕಿದರು. ಪುಕ್ಕಟೆ ದುಡಿಯುತ್ತಿದ್ದ ಅಷ್ಟೇ ದೊಡ್ಡ ಗುಂಪನ್ನು ಪಟ್ಟಿಗೆ ಸೇರಿಸಿಕೊಂಡರು. ಆ ವರ್ಷದ ದೊಡ್ಡ ಸುಧಾರಣೆ ಇದೇ ಅನ್ನಿಸುತ್ತದೆ, ಸುದ್ದಿಯಾಗಿದ್ದು ಮಾತ್ರ ಕಡಿಮೆ.

ಬಾಗಿಲು ತೆರೆದ ಮೇಲೆ ಜನ ಮುಗಿಬಿದ್ದರು. ಹಿಂದಿನ ವರ್ಷ ಐದು ವರ್ಷದೊಳಗಿನ ಮಕ್ಕಳನ್ನು ತೋರಿಸಲು ಬಂದ ಭೇಟಿಗಳು ಸುಮಾರು 9.3 ಲಕ್ಷ. ಉಚಿತವಾದ ಮೊದಲ ವರ್ಷ ಅದು 29 ಲಕ್ಷ ದಾಟಿತು. ಅಷ್ಟೂ ಮಕ್ಕಳು ಹಿಂದೆ ಏನು ಮಾಡುತ್ತಿದ್ದರು ಎಂದು ಯೋಚಿಸಿದರೆ ಹೊಟ್ಟೆ ತೊಳಸುತ್ತದೆ.

ತೊಡಕು ಔಷಧಿ ಕೋಣೆಯಲ್ಲಿತ್ತು. ಒಂದೇ ಆರೋಗ್ಯ ಕೇಂದ್ರದಲ್ಲಿ ಎರಡು ಲೆಕ್ಕ: ತಾಯಿ ಮಕ್ಕಳಿಗೆ ಉಚಿತ ಔಷಧಿ, ಉಳಿದವರಿಗೆ ಮಾರುವ ಔಷಧಿ. ಯುನಿಸೆಫ್ ತರಿಸಿದ ಔಷಧಿ ರಾಜಧಾನಿ ಫ್ರೀಟೌನ್‌ನಿಂದ ಹೊರಡುತ್ತಿತ್ತು. ಕೇಂದ್ರಕ್ಕೆ ಏನು ಬೇಕು ಅನ್ನುವುದಕ್ಕಿಂತ ರಾಜಧಾನಿಯ ಅಂದಾಜೇ ನಡೆಯುತ್ತಿತ್ತು. ಮಳೆಗಾಲದಲ್ಲಿ ಮಣ್ಣು ರಸ್ತೆ ಕೆಟ್ಟರೆ ಅದೂ ತಲುಪುತ್ತಿರಲಿಲ್ಲ. ಉಚಿತದ ಡಬ್ಬ ಖಾಲಿಯಾದಾಗ ಮಾರುವ ಡಬ್ಬ ಪಕ್ಕದಲ್ಲೇ ಇರುತ್ತಿತ್ತು. ಮುಂದಿನದು ಹೇಳಬೇಕಾಗಿಲ್ಲ.

2014ರಲ್ಲಿ ಎಬೋಲಾ ಬಂದಾಗ ಸುಮಾರು 60–70 ಲಕ್ಷ ಜನರ ದೇಶದಲ್ಲಿ ಡಾಕ್ಟರುಗಳು ಇನ್ನೂರೂ ಇರಲಿಲ್ಲ. 14,000ಕ್ಕೂ ಹೆಚ್ಚು ಜನರಿಗೆ ತಗುಲಿ 3,956 ಮಂದಿ ಸತ್ತರು. ಕೆನೆಮಾ ಆಸ್ಪತ್ರೆಯ ಡಾ. ಶೇಖ್ ಉಮರ್ ಖಾನ್ ಅವರಲ್ಲೊಬ್ಬರು. ಆಸ್ಪತ್ರೆಗೆ ಹೋದರೆ ರೋಗ ಹತ್ತುತ್ತದೆ ಎಂದು ಗರ್ಭಿಣಿಯರು ಮತ್ತೆ ಮನೆಯಲ್ಲೇ ಉಳಿದರು. ನಾಲ್ಕು ವರ್ಷ ಕೂಡಿಟ್ಟ ನಂಬಿಕೆ ಕೆಲವೇ ತಿಂಗಳಲ್ಲಿ ಕರಗಿತು.

ನಂಬಿಕೆ ಮತ್ತೆ ಬಂದಿದ್ದು ಮಾತ್ರ ನಿಜ. 2008ರ ಸಮೀಕ್ಷೆಯಲ್ಲಿ ನಾಲ್ಕು ಹೆರಿಗೆಗಳಲ್ಲಿ ಒಂದು ಆಸ್ಪತ್ರೆಯಲ್ಲಾಗುತ್ತಿತ್ತು. 2019ರ ಹೊತ್ತಿಗೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು. ಆದರೆ ಅದೇ 2019ರ ಸಮೀಕ್ಷೆಯ ಪ್ರಕಾರ ಲಕ್ಷ ಹೆರಿಗೆಗೆ ಇನ್ನೂ 717 ತಾಯಂದಿರು ಸಾಯುತ್ತಿದ್ದರು. ಗೆದ್ದಿತು ಅನ್ನುವವರು ಮೊದಲ ಅಂಕಿ ಓದುತ್ತಾರೆ, ಸೋತಿತು ಅನ್ನುವವರು ಎರಡನೆಯದು. ಎರಡರ ನಡುವೆ ನಿಂತಿರುವುದು ಹೆರಿಗೆ ಕೋಣೆಯ ನರ್ಸ್. ಪಟ್ಟಿ ಶುದ್ಧ ಮಾಡಿ ಇಷ್ಟು ವರ್ಷವಾದ ಮೇಲೂ, ಹಳ್ಳಿಯ ಎಷ್ಟೋ ಕೇಂದ್ರಗಳಲ್ಲಿ ಆಕೆ ಸಂಬಳವಿಲ್ಲದ ‘ಸ್ವಯಂಸೇವಕಿ’ಯೇ.